ಡ್ರಮ್ ಇಲ್ಲದ ಜಾಝ್, ಎರಡು ಬೆರಳಿನ ಗಿಟಾರ್

1928ರಲ್ಲಿ ಒಂದು ರಾತ್ರಿ ಪ್ಯಾರಿಸ್ ಹೊರವಲಯದಲ್ಲಿ ಬಂಡಿಮನೆಯೊಂದಕ್ಕೆ ಬೆಂಕಿ ಬಿತ್ತು. ಮಾರಲೆಂದು ಹೆಂಡತಿ ಮಾಡಿಟ್ಟಿದ್ದ ಸೆಲ್ಯುಲಾಯ್ಡ್ ಹೂಗಳು ಕ್ಷಣದಲ್ಲಿ ಹೊತ್ತಿಕೊಂಡವು. ಹದಿನೆಂಟರ ಬ್ಯಾಂಜೊ ವಾದಕ ಜಾಂಗೊ ರೈನ್‌ಹಾರ್ಟ್‌ನ ಎಡಗೈ, ಬಲಗಾಲು ಸುಟ್ಟವು. ಕಾಲು ಕತ್ತರಿಸಲು ಆತ ಒಪ್ಪಲಿಲ್ಲ, ಅದು ಉಳಿಯಿತು. ಎಡಗೈಯ ಉಂಗುರಬೆರಳು, ಕಿರುಬೆರಳು ಮಾತ್ರ ಮುರುಟಿಹೋದವು. ತಮ್ಮ ಜೋಸೆಫ್ ತಂದುಕೊಟ್ಟ ಗಿಟಾರ್ ಹಿಡಿದು, ಉಳಿದ ಎರಡು ಬೆರಳಲ್ಲೇ ಆತ ವಾದನವನ್ನು ಮೊದಲಿನಿಂದ ಕಲಿತ.

ಆತ ಮುಂದೆ ರೂಪಿಸಿದ ಶೈಲಿಯೇ ಜಿಪ್ಸಿ ಜಾಝ್. ಹೆಸರು ಕೇಳಿದೊಡನೆ ಅಲೆಮಾರಿಗಳ ಪುರಾತನ ಜಾನಪದ ಎಂದುಕೊಳ್ಳುವವರುಂಟು. ಅಸಲಿಗೆ ಇದು 1930ರ ದಶಕದ ಪ್ಯಾರಿಸ್‌ನ ಕೂಸು. ಬೆಲ್ಜಿಯಂನಲ್ಲಿ ಹುಟ್ಟಿದ ಜಾಂಗೊ, ರೋಮಾ ಜನಾಂಗದ ಮನೂಶ್ ಪಂಗಡದವನು. ಬಾಲ್ಯದಲ್ಲೇ ಪ್ಯಾರಿಸ್‌ನ ಡ್ಯಾನ್ಸ್ ಹಾಲ್‌ಗಳಲ್ಲಿ ಅಕಾರ್ಡಿಯನ್ ವಾಲ್ಟ್ಸ್‌ಗಳಿಗೆ ಸಾಥ್ ಕೊಡುತ್ತಿದ್ದ. 1931ರ ಸುಮಾರಿಗೆ ಟುಲೋನ್ ಪಟ್ಟಣದಲ್ಲಿ ಎಮಿಲ್ ಸವಿಟ್ರಿ ಎಂಬ ಚಿತ್ರಕಲಾವಿದ ಆತನಿಗೆ ಲೂಯಿ ಆರ್ಮ್‌ಸ್ಟ್ರಾಂಗ್‌ನ ರೆಕಾರ್ಡ್ ಕೇಳಿಸಿದ. ಮನೆತನದ ಗಿಟಾರ್, ಡ್ಯಾನ್ಸ್ ಹಾಲ್‌ನ ವಾಲ್ಟ್ಸ್, ಅಮೆರಿಕದ ಸ್ವಿಂಗ್ ಜಾಂಗೊನ ಕೈಯಲ್ಲಿ ಒಂದಾದವು.

1934ರಲ್ಲಿ ಪಿಟೀಲುವಾದಕ ಸ್ಟೆಫಾನ್ ಗ್ರಾಪೆಲಿ ಜೊತೆ ಸೇರಿ ಕಟ್ಟಿದ ತಂಡವೇ ‘ಕ್ವಿಂಟೆಟ್ ದು ಹಾಟ್ ಕ್ಲಬ್ ದ ಫ್ರಾನ್ಸ್’. ಒಂದು ಪಿಟೀಲು, ಮೂರು ಗಿಟಾರ್, ಒಂದು ಡಬಲ್ ಬಾಸ್. ಡ್ರಮ್ಮೂ ಇಲ್ಲ, ಟ್ರಂಪೆಟ್ಟೂ ಇಲ್ಲ. ತಾಳದ ಹೊಣೆಯನ್ನೂ ಗಿಟಾರೇ ಹೊರಬೇಕಾಯಿತು. ‘ಲಾ ಪೊಂಪ್’ ಎಂಬ ಮೀಟು ಹಾಗೆ ರೂಪುಗೊಂಡಿತು. ನಾಲ್ಕು ಎಣಿಕೆಯಲ್ಲಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಒತ್ತು. ಪಿಕ್ ತಂತಿಗಳನ್ನು ಸವರಿದ ಮರುಗಳಿಗೆಯೇ ಎಡಗೈ ಹಿಡಿತ ಸಡಿಲಿಸುತ್ತದೆ. ನಾದ ತಟ್ಟನೆ ಕಡಿದು ‘ಚಕ್’ ಎಂಬ ಸದ್ದು ಮಾತ್ರ ಉಳಿಯುತ್ತದೆ.

ಸೋಲೊ ನುಡಿಸುವವರ ಕಷ್ಟ ಬೇರೆ. ಆ್ಯಂಪ್ಲಿಫೈಯರ್ ಇಲ್ಲದ ಕಾಲದಲ್ಲಿ ಹಿನ್ನೆಲೆಯ ಮೂರು ವಾದ್ಯಗಳ ಮೇಲೆ ದನಿ ಏಳಬೇಕು. ಅದಕ್ಕೇ ಮಣಿಕಟ್ಟನ್ನು ಬಾಗಿಸಿ, ಕೈಯನ್ನು ಗಿಟಾರಿಗೆ ಊರದೆ, ಪಿಕ್ ಮುಂದಿನ ತಂತಿಗೆ ಹೋಗಿ ತಂಗುವಷ್ಟು ಬಿರುಸಾಗಿ ಹೊಡೆಯುತ್ತಾರೆ. ಮಾರಿಯೊ ಮಕ್ಕಫೆರಿ ವಿನ್ಯಾಸದಿಂದ ಬೆಳೆದ ಸೆಲ್ಮರ್ ಕಂಪನಿಯ ಉಕ್ಕಿನ ತಂತಿಯ ಗಿಟಾರಿನ ಚುರುಕು ನಾದ ಇದಕ್ಕೆ ಒದಗಿಬಂತು. ಇನ್ನು ಜಾಂಗೊನ ಎಡಗೈ: ನಾಲ್ಕು ಬೆರಳಿನವರು ಒಂದೇ ಜಾಗದಲ್ಲಿ ಮುಗಿಸುವ ಸ್ವರಗಳಿಗಾಗಿ ಆತ ದಂಡಿಯ ಉದ್ದಕ್ಕೂ ಓಡಬೇಕಿತ್ತು. ಏಣಿ ಹತ್ತಿದಂತೆ ಮೇಲೇರುವ ಆ ಸ್ವರಪುಂಜಗಳೇ ಈ ಶೈಲಿಯ ಗುರುತಾದವು.

1939ರಲ್ಲಿ ಯುದ್ಧ ಶುರುವಾದಾಗ ಲಂಡನ್ನಿನಲ್ಲಿದ್ದ ತಂಡ ಒಡೆಯಿತು. ಗ್ರಾಪೆಲಿ ಅಲ್ಲೇ ಉಳಿದರೆ ಜಾಂಗೊ ಪ್ಯಾರಿಸ್‌ಗೆ ಮರಳಿದ. ನಾಜಿಗಳು ಯುರೋಪಿನ ರೋಮಾ ಜನರನ್ನು ಲಕ್ಷಗಟ್ಟಲೆ ಕೊಂದ ವರ್ಷಗಳವು. ಪ್ಯಾರಿಸ್‌ನಲ್ಲೇ ಜಾಂಗೊ ಬದುಕುಳಿದು, 1940ರಲ್ಲಿ ‘ನುವಾಜ್’ ಎಂಬ ರಚನೆಯನ್ನು ರೆಕಾರ್ಡ್ ಮಾಡಿದ. ಆತನ ಮರಣ 1953ರಲ್ಲಿ, ನಲವತ್ಮೂರನೇ ವಯಸ್ಸಿಗೆ. ಕೊನೆಗಾಲವನ್ನು ಆತ ಸಾಮ್ವಾ ಎಂಬ ಊರಿನಲ್ಲಿ ಕಳೆದ. ಆತನ ಹೆಸರಿನಲ್ಲಿ ಇಂದಿಗೂ ಉತ್ಸವ ನಡೆಯುತ್ತದೆ. ಮನೂಶ್ ಮನೆಗಳಲ್ಲಿ ಮಕ್ಕಳು ಈ ಶೈಲಿಯನ್ನು ಹಿರಿಯರ ಎದುರು ಕೂತು, ಕಿವಿಯಲ್ಲಿ ಕೇಳಿಯೇ ಕಲಿಯುತ್ತಾರೆ.

ಇಂದು ಮೈಕ್ ಇದೆ, ಡ್ರಮ್ ಸಿಗುತ್ತದೆ, ವಾದಕರಿಗೆ ಬೆರಳುಗಳೂ ನೆಟ್ಟಗಿವೆ. ಆದರೂ ಬಿರೆಲಿ ಲಗ್ರೆನ್‌ನಂಥ ಗಿಟಾರ್ ವಾದಕರು ಅದೇ ಮಣಿಕಟ್ಟಿನ ಹೊಡೆತವನ್ನು ಸಾಧನೆ ಮಾಡಿ ಕಲಿತಿದ್ದಾರೆ. ಅಂದು ಅನಿವಾರ್ಯವಾಗಿದ್ದದ್ದು ಇಂದು ವ್ಯಾಕರಣ. ಆ ಕ್ವಿಂಟೆಟ್‌ನ 1937ರ ರೆಕಾರ್ಡ್ ‘ಮೈನರ್ ಸ್ವಿಂಗ್’ ಹಾಕಿಕೊಂಡು ಮೊದಲ ಸಲ ಸೋಲೊ ಬಿಟ್ಟು ಹಿನ್ನೆಲೆಯ ಗಿಟಾರ್‌ಗಳನ್ನಷ್ಟೇ ಕೇಳಿ. ಡ್ರಮ್ ಬೇಕೆಂದು ಅನ್ನಿಸುವುದಿಲ್ಲ.