ಕೆಮ್ಮಿದರೆ ಹೃದಯಾಘಾತ ನಿಲ್ಲದು, ಯುಪಿಐಗೆ ತೆರಿಗೆ ಇಲ್ಲ: ಸರ್ಕಾರದ ಕಂಪ್ಯೂಟರ್ ನಿಜಕ್ಕೂ ನಮಗಾಗಿ ಏನು ಮಾಡುತ್ತಿದೆ?

ನಿಮ್ಮ ಫ್ಯಾಮಿಲಿ ಗ್ರೂಪಿನಲ್ಲೂ ಇವು ಬಂದಿರುತ್ತವೆ.

"ಹೃದಯಾಘಾತವಾದಾಗ ಒಬ್ಬರೇ ಇದ್ದರೆ ಜೋರಾಗಿ ಕೆಮ್ಮುತ್ತಿರಿ, ಜೀವ ಉಳಿಯುತ್ತದೆ."
"ಅಭಾ ಕಾರ್ಡ್ ಮಾಡಿಸಿದ ಎಲ್ಲರಿಗೂ 5 ಲಕ್ಷ ರೂಪಾಯಿ ಉಚಿತ ಚಿಕಿತ್ಸೆ."
"ಯುಪಿಐನಲ್ಲಿ 2,000 ರೂಪಾಯಿ ದಾಟಿದರೆ ಜಿಎಸ್‌ಟಿ ಕಟ್ಟಬೇಕು."
"ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಉಚಿತ ಲ್ಯಾಪ್‌ಟಾಪ್, ಈ ಲಿಂಕ್ ಒತ್ತಿ."

ನಾಲ್ಕೂ ಸುಳ್ಳು, ಅಥವಾ ಅರ್ಧ ಸತ್ಯ. ಆದರೆ ಜನ ಇವನ್ನು ನಂಬುವುದಕ್ಕೆ ಕಾರಣವಿದೆ. ಪ್ರತಿಯೊಂದರ ಪಕ್ಕದಲ್ಲೇ ಒಂದು ನಿಜ ಇದೆ. ಆಸ್ಪತ್ರೆ, ಬ್ಯಾಂಕು, ಶಾಲೆ ಮೂರೂ ಈಗ ಕಂಪ್ಯೂಟರಿನ ಮೇಲೆ ನಡೆಯುತ್ತಿವೆ. ಅದು ಹೇಗೆ ನಡೆಯುತ್ತದೆ ಎಂದು ಗೊತ್ತಾದರೆ ಯಾವ ಫಾರ್ವರ್ಡ್ ಸುಳ್ಳು ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಕರ್ನಾಟಕದ ಉದಾಹರಣೆಯನ್ನೇ ತೆಗೆದುಕೊಂಡು ನೋಡೋಣ.

ಮೊದಲು ಪಹಣಿಯ ಕಥೆ

ಇಪ್ಪತ್ತೈದು ವರ್ಷದ ಹಿಂದೆ ರೈತರಿಗೆ ಪಹಣಿ ಬೇಕಾದರೆ ಗ್ರಾಮ ಲೆಕ್ಕಿಗರ ಬಳಿ ಹೋಗಬೇಕಿತ್ತು. ರಾಜ್ಯದಲ್ಲಿ ಅಂಥ ಸುಮಾರು 9,000 ಲೆಕ್ಕಿಗರಿದ್ದರು. ಪುಸ್ತಕ ಅವರ ಕೈಯಲ್ಲಿ, ಬರವಣಿಗೆಯೂ ಅವರದೇ. ಬೆಳೆ ಸಾಲಕ್ಕೆ ಪಹಣಿ ಬೇಕೇ ಬೇಕು. ಹಾಗಾಗಿ ಅವರು ಸಿಗುವ ದಿನ ಕಾಯಬೇಕು, ಅನೇಕ ಕಡೆ ಕೈ ಬೆಚ್ಚಗೆ ಮಾಡಬೇಕು.

'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ ಹತ್ತಿರ ಹತ್ತಿರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಬಂದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಸಿಗತೊಡಗಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಖಾತೆ ಬದಲಾವಣೆಯ ಅರ್ಜಿಯನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು ಎಂಬ ನಿಯಮವನ್ನು ಸಾಫ್ಟ್‌ವೇರೇ ಪಾಲಿಸಿತು. ಯಾವ ಸಿಬ್ಬಂದಿ ಏನು ತಿದ್ದಿದರು ಎಂಬುದಕ್ಕೆ ಅವರ ಬೆರಳಚ್ಚು ಸಾಕ್ಷಿಯಾಯಿತು.

ಇಲ್ಲಿ ಕಂಪ್ಯೂಟರ್ ಯಾರಿಗೂ ಜಮೀನು ಕೊಡಲಿಲ್ಲ. ಒಬ್ಬರ ಬೀರುವಿನಲ್ಲಿದ್ದ ಮಾಹಿತಿಯನ್ನು ಅದು ಬೇಕಾದವರ ಕೈಗೆ ಬೇಗ ತಲುಪಿಸಿತು, ಅಷ್ಟೇ. ಮಾಹಿತಿ ತಂತ್ರಜ್ಞಾನ ಒಂದು ರಾಜ್ಯಕ್ಕೆ ಮಾಡುವ ಉಪಕಾರ ಮುಖ್ಯವಾಗಿ ಇದೇ. ಮುಂದಿನ ಮೂರು ಕಡೆಯೂ ಇದನ್ನೇ ಕಾಣುತ್ತೀರಿ.

ಆಸ್ಪತ್ರೆ: ಕೆಮ್ಮುವುದಲ್ಲ, ಇಸಿಜಿ ಮಾಡಿಸುವುದು

ಹೃದಯಕ್ಕೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಅಡ್ಡ ಕೂತರೆ ಹೃದಯಾಘಾತ. ಕೆಮ್ಮಿದರೆ ಆ ಹೆಪ್ಪು ಕರಗುವುದಿಲ್ಲ, ಜಾಗ ಬಿಟ್ಟು ಕದಲುವುದೂ ಇಲ್ಲ. ಸಿಪಿಆರ್ ಬೇಕಾಗುವುದು ಹೃದಯ ನಿಂತು ಪ್ರಜ್ಞೆ ತಪ್ಪಿದವರಿಗೆ. ಪ್ರಜ್ಞೆ ಇಲ್ಲದವರು ಕೆಮ್ಮುವುದು ಹೇಗೆ? ಕೆಮ್ಮುತ್ತಾ ಕಳೆಯುವ ಅರ್ಧ ಗಂಟೆಯಲ್ಲಿ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಈ ಫಾರ್ವರ್ಡ್‌ನ ಅಪಾಯ ಇರುವುದೇ ಆ ಅರ್ಧ ಗಂಟೆಯಲ್ಲಿ.

ಹಾಗಾದರೆ ಹಳ್ಳಿಯಲ್ಲಿರುವವರು ಏನು ಮಾಡಬೇಕು? ಹೃದಯ ತಜ್ಞರು ಇರುವುದು ಬೆಂಗಳೂರು, ಮೈಸೂರು, ಕಲಬುರಗಿಯಂಥ ಊರುಗಳಲ್ಲಿ. ಮೊದಲ ಕೆಲವು ಗಂಟೆಗಳಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು. ಆದರೆ ಅದನ್ನು ಎಲ್ಲರಿಗೂ ಕೊಡುವಂತಿಲ್ಲ. ಎದೆನೋವು ಹೃದಯದ್ದೇ ಎಂದು ಮೊದಲು ಖಚಿತವಾಗಬೇಕು. ಮೆದುಳಿನ ರಕ್ತಸ್ರಾವದಂಥ ತೊಂದರೆ ಹಿಂದೆ ಆಗಿದ್ದವರಿಗೆ ಅದು ಅಪಾಯಕಾರಿ.

ತಂತ್ರಜ್ಞಾನ ನೆರವಿಗೆ ಬಂದಿರುವುದು ಈ ಜಾಗದಲ್ಲಿ. 2021ರ ಅಕ್ಟೋಬರ್‌ನಲ್ಲಿ 46ನೇ ವಯಸ್ಸಿಗೇ ಹಠಾತ್ತನೆ ನಮ್ಮನ್ನು ಬಿಟ್ಟುಹೋದ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ರಾಜ್ಯ ಸರ್ಕಾರ 'ಹೃದಯ ಜ್ಯೋತಿ' ಯೋಜನೆ ತಂದಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಇಂಟರ್ನೆಟ್ ಮೂಲಕ ಜಯದೇವದಂಥ ದೊಡ್ಡ ಆಸ್ಪತ್ರೆಗೆ ಹೋಗುತ್ತದೆ. ಕೃತಕ ಬುದ್ಧಿಮತ್ತೆಯ ಸಾಫ್ಟ್‌ವೇರ್ ಸಹಾಯದಿಂದ ಅದನ್ನು ಓದಿ ಕೆಲವೇ ನಿಮಿಷಗಳಲ್ಲಿ ಉತ್ತರ ಕಳಿಸುತ್ತಾರೆ. ದೊಡ್ಡ ಹೃದಯಾಘಾತ ಎಂದು ತಿಳಿದರೆ, ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ ಅನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡುತ್ತಾರೆ. ಆಮೇಲೆ ದೊಡ್ಡ ಆಸ್ಪತ್ರೆಗೆ ಸಾಗಿಸುತ್ತಾರೆ.

ಅಂದರೆ ರೋಗಿಗಿಂತ ಮೊದಲು ರೋಗಿಯ ಇಸಿಜಿ ಬೆಂಗಳೂರು ತಲುಪುತ್ತದೆ. ನೂರು ಕಿಲೋಮೀಟರ್ ಆಂಬುಲೆನ್ಸ್ ಓಡುವ ಸಮಯ ಉಳಿಯುತ್ತದೆ. ಇದೇನೂ ಹೊಸ ಕನಸಲ್ಲ. 2002ರಲ್ಲೇ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಇಸ್ರೋ ಉಪಗ್ರಹದ ಮೂಲಕ ಬೆಂಗಳೂರಿನ ಹೃದಯ ತಜ್ಞರಿಗೆ ಜೋಡಿಸಲಾಗಿತ್ತು. ಆಗ ಉಪಗ್ರಹ ಬೇಕಿತ್ತು, ಈಗ ಮೊಬೈಲ್ ನೆಟ್‌ವರ್ಕ್ ಸಾಕು.

ಆದ್ದರಿಂದ ಎದೆ ಹಿಂಡಿದಂತಾಗಿ, ಬೆವರಿ, ನೋವು ಎಡಗೈಗೋ ದವಡೆಗೋ ಹರಡಿದರೆ ಕೆಮ್ಮುತ್ತಾ ಕೂರಬೇಡಿ, ಗ್ಯಾಸ್ ಎಂದು ಸೋಡಾ ಕುಡಿಯಲೂ ಬೇಡಿ. 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ.

ಅಭಾ ಬೇರೆ, ಆಯುಷ್ಮಾನ್ ಬೇರೆ

ಎರಡನೇ ಫಾರ್ವರ್ಡ್‌ನಲ್ಲಿ ಎರಡು ಬೇರೆ ಕಾರ್ಡುಗಳು ಕಲೆಸಿಹೋಗಿವೆ.

ಅಭಾ ಎಂದರೆ 14 ಅಂಕಿಗಳ ಒಂದು ಆರೋಗ್ಯ ಖಾತೆ ಸಂಖ್ಯೆ. ನಿಮ್ಮ ಲ್ಯಾಬ್ ವರದಿ, ಔಷಧ ಚೀಟಿಗಳನ್ನು ಒಂದೆಡೆ ಜೋಡಿಸಿಕೊಂಡು, ನೀವು ಒಪ್ಪಿದರೆ ಮಾತ್ರ ವೈದ್ಯರಿಗೆ ತೋರಿಸಲು ಅದು ಇದೆ. ಮಾಡಿಸಲೇಬೇಕು ಎಂಬ ಕಡ್ಡಾಯವಿಲ್ಲ. ಅದರಲ್ಲಿ ದುಡ್ಡಿಲ್ಲ.

ಚಿಕಿತ್ಸೆಯ ವೆಚ್ಚ ಭರಿಸುವುದು 'ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ'. ಇದರಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಚಿಕಿತ್ಸೆಯ ನಿಗದಿತ ದರದ ಶೇ 30ರಷ್ಟು ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದವರೆಗೆ. 'ಎಲ್ಲರಿಗೂ 5 ಲಕ್ಷ' ಎಂಬುದನ್ನು ನಂಬಿ ಆಸ್ಪತ್ರೆಗೆ ಹೋದ ಎಪಿಎಲ್ ಕುಟುಂಬ ಬಿಲ್ ಕೌಂಟರ್‌ನಲ್ಲಿ ಕಂಗಾಲಾಗಿ ನಿಲ್ಲಬೇಕಾಗುತ್ತದೆ. ತಪ್ಪು ಫಾರ್ವರ್ಡ್‌ನ ಬೆಲೆ ತೆರುವವರು ಅವರು.

ಹಣ: ಯುಪಿಐ ತೆರಿಗೆ ಹಾಕುವುದಿಲ್ಲ, ಲೆಕ್ಕ ಇಡುತ್ತದೆ

ಐಟಿಯಿಂದ ಆರ್ಥಿಕತೆಗೆ ಏನು ಲಾಭ ಎಂದರೆ ಎಲ್ಲರಿಗೂ ನೆನಪಾಗುವುದು ಬೆಂಗಳೂರಿನ ಗಾಜಿನ ಕಟ್ಟಡಗಳು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಾಗಿನಿಂದ ಬೆಳೆದ ಆ ಉದ್ಯಮ ಲಕ್ಷಾಂತರ ಮಂದಿಗೆ ಕೆಲಸ ಕೊಟ್ಟಿದೆ. ಆದರೆ ನಮ್ಮ ನಿಮ್ಮ ದಿನದ ಬದುಕನ್ನು ಬದಲಿಸಿದ್ದು ಬೀಡಾ ಅಂಗಡಿಯ ಕ್ಯೂಆರ್ ಕೋಡ್.

ಯುಪಿಐ ಶುರುವಾದದ್ದು 2016ರಲ್ಲಿ. 2,000 ರೂಪಾಯಿ ದಾಟಿದ ಪಾವತಿಗೆ ಜಿಎಸ್‌ಟಿ ಎಂಬ ಸುದ್ದಿ ಹಬ್ಬಿದಾಗ, ಅಂಥ ಪ್ರಸ್ತಾವವೇ ಇಲ್ಲ ಎಂದು ಕೇಂದ್ರ ಹಣಕಾಸು ಸಚಿವಾಲಯ 2025ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿತು.

ಹಾಗಾದರೆ ಅದೇ ವರ್ಷ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು 'ಕ್ಯಾಶ್ ಮಾತ್ರ' ಎಂದು ಬೋರ್ಡ್ ಹಾಕಿದ್ದೇಕೆ? ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಮೊತ್ತ ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ತೆರಿಗೆ ಇರುವುದು ಯುಪಿಐ ಮೇಲಲ್ಲ, ವ್ಯಾಪಾರದ ಮೇಲೆ. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ನಗದಿನಲ್ಲಿ ಪಡೆದರೂ ಅಷ್ಟೇ, ಯುಪಿಐನಲ್ಲಿ ಪಡೆದರೂ ಅಷ್ಟೇ. ನಗದು ಕಣ್ಣಿಗೆ ಕಾಣುವುದಿಲ್ಲ, ಯುಪಿಐ ಕಾಣುತ್ತದೆ. ವ್ಯತ್ಯಾಸ ಇಷ್ಟೇ.

ಆದರೆ ವ್ಯಾಪಾರಿಗಳ ಸಿಟ್ಟಿಗೂ ಅರ್ಥವಿತ್ತು. ಭಾವನಿಂದ ಪಡೆದ ಕೈಸಾಲ, ಮನೆಯವರು ಕಳಿಸಿದ ದುಡ್ಡು, ತೆರಿಗೆಯೇ ಇಲ್ಲದ ಹಾಲು–ತರಕಾರಿಯ ಮಾರಾಟ, ಎಲ್ಲವೂ ಒಂದೇ ಖಾತೆಗೆ ಬಿದ್ದಿರುತ್ತದೆ. ಕಂಪ್ಯೂಟರಿಗೆ ಎಲ್ಲವೂ ಬರೀ ಅಂಕಿ. ಯಾವುದು ವ್ಯಾಪಾರ, ಯಾವುದು ಸಾಲ ಎಂದು ಬಿಡಿಸಿ ಹೇಳಬೇಕಾದವರು ಮನುಷ್ಯರು. ಸಣ್ಣ ಅಂಗಡಿ ಇಟ್ಟವರು ವ್ಯಾಪಾರಕ್ಕೆ ಒಂದು, ಮನೆಗೆ ಇನ್ನೊಂದು ಖಾತೆ ಇಟ್ಟುಕೊಳ್ಳುವುದು ಇದಕ್ಕೆ ಸುಲಭದ ಪರಿಹಾರ.

ಯೋಜನೆಯ ದುಡ್ಡು ಬಾರದಿದ್ದರೆ

ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಮಧ್ಯವರ್ತಿಗಳಿಲ್ಲದೆ ನೇರ ಖಾತೆಗೆ ಬರುತ್ತದೆ. ವಿದ್ಯಾರ್ಥಿವೇತನವೂ ಹೀಗೆಯೇ. "ಪಕ್ಕದ ಮನೆಯವರಿಗೆ ಬಂತು, ನನಗೆ ಬಂದಿಲ್ಲ" ಎನ್ನುವವರು ಮೊದಲು ನೋಡಬೇಕಾದ ವಿಷಯ ಒಂದಿದೆ. ಇಂಥ ಹಣ ಹೋಗುವುದು ಪಾಸ್‌ಬುಕ್‌ನ ನಂಬರಿಗಲ್ಲ, ಆಧಾರ್‌ಗೆ ಜೋಡಣೆಯಾಗಿರುವ ಖಾತೆಗೆ. ನಿಮಗೆ ಮೂರು ಬ್ಯಾಂಕಿನಲ್ಲಿ ಖಾತೆ ಇದ್ದರೂ ಈ ಜೋಡಣೆ ಒಂದಕ್ಕೇ ಇರುತ್ತದೆ, ಅದೂ ಕೊನೆಗೆ ಜೋಡಿಸಿದ ಬ್ಯಾಂಕಿಗೆ. ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟ ಮಾತ್ರಕ್ಕೆ ಜೋಡಣೆ ಆಗಿರುವುದಿಲ್ಲ. "ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ ನೋಡಿ" ಎಂದು ಬ್ಯಾಂಕಿನಲ್ಲಿ ಕೇಳಿ. ಹಣ ನೀವು ಮರೆತೇಬಿಟ್ಟ ಹಳೆಯ ಖಾತೆಯಲ್ಲಿ ಕೂತಿರಬಹುದು.

ಇದು ಗೊತ್ತಿದ್ದವರು "ಹಣ ಬಿಡುಗಡೆ ಮಾಡಲು ಒಟಿಪಿ ಹೇಳಿ" ಎನ್ನುವ ಕರೆಗೆ ಮೋಸ ಹೋಗುವುದಿಲ್ಲ. ಹಣ ಬರುವುದಕ್ಕೆ ಒಟಿಪಿಯೂ ಬೇಡ, ಯುಪಿಐ ಪಿನ್ ಕೂಡ ಬೇಡ. ಪಿನ್ ಒತ್ತಿದಿರಿ ಎಂದರೆ ಹಣ ನಿಮ್ಮಿಂದ ಹೋಗುತ್ತಿದೆ ಎಂದೇ ಅರ್ಥ.

ಶಾಲೆ: ಕ್ಯಾಮೆರಾ ಪಾಠ ಮಾಡುವುದಿಲ್ಲ

ಸರ್ಕಾರಿ ಪಠ್ಯಪುಸ್ತಕದ ಪಾಠಗಳ ಪಕ್ಕ ಇರುವ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪ್‌ನಿಂದ ಸ್ಕ್ಯಾನ್ ಮಾಡಿದರೆ ಪಾಠದ ವಿಡಿಯೋ, ಅಭ್ಯಾಸ ಉಚಿತವಾಗಿ ಸಿಗುತ್ತವೆ. ಅಂಕಪಟ್ಟಿ ಡಿಜಿಲಾಕರ್‌ನಲ್ಲಿದ್ದರೆ ಅದಕ್ಕೆ ಮೂಲ ಪ್ರತಿಯಷ್ಟೇ ಮಾನ್ಯತೆ ಇದೆ. ದುಡ್ಡು ಕೊಟ್ಟು ಗೈಡ್ ಕೊಳ್ಳಲಾಗದ ಮನೆಯ ಮಗುವಿಗೆ ಇವು ದೊಡ್ಡ ಅನುಕೂಲ.

ಆದರೆ ತಂತ್ರಜ್ಞಾನದ ಮಿತಿಯೂ ಶಾಲೆಯಲ್ಲೇ ಚೆನ್ನಾಗಿ ಕಾಣುವುದು. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ, ಕೃಪಾಂಕ ಕೊಟ್ಟ ಮೇಲೂ ಶೇ 73.40ಕ್ಕೆ ಇಳಿಯಿತು. ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾದರೇ? ಇಲ್ಲ. ನಕಲು ಕಡಿಮೆಯಾಗಿ, ಕಲಿಕೆಯಲ್ಲಿ ಮೊದಲೇ ಇದ್ದ ಕೊರತೆ ಹೊರಗೆ ಬಂತು. ಇಸಿಜಿ ರೋಗ ತೋರಿಸುತ್ತದೆ, ವಾಸಿ ಮಾಡುವುದು ವೈದ್ಯರು. ಕ್ಯಾಮೆರಾವೂ ಹಾಗೆಯೇ. ಗಣಿತ ಕಲಿಸಲು ಶಾಲೆಯಲ್ಲಿ ಗಣಿತದ ಮೇಷ್ಟ್ರು ಇರಬೇಕು.

ಇನ್ನು ಉಚಿತ ಲ್ಯಾಪ್‌ಟಾಪ್ ಲಿಂಕ್. ಕೆಲವು ವರ್ಗದ ವಿದ್ಯಾರ್ಥಿಗಳಿಗೆ ಸರ್ಕಾರ ಲ್ಯಾಪ್‌ಟಾಪ್ ಕೊಟ್ಟಿರುವುದುಂಟು. ಕೊಟ್ಟದ್ದು ಕಾಲೇಜು ಅಥವಾ ಇಲಾಖೆಯ ಮೂಲಕ, ಅರ್ಜಿ ಮತ್ತು ದಾಖಲೆ ಪರಿಶೀಲಿಸಿ. "ಹತ್ತು ಗ್ರೂಪಿಗೆ ಶೇರ್ ಮಾಡಿದರೆ ನೋಂದಣಿ ಪೂರ್ಣ" ಎಂದು ಯಾವ ಇಲಾಖೆಯೂ ಹೇಳುವುದಿಲ್ಲ. ಆ ಲಿಂಕ್‌ಗೆ ಬೇಕಿರುವುದು ನಿಮ್ಮ ಮಗುವಿನ ಹೆಸರು, ಆಧಾರ್ ಮತ್ತು ಫೋನ್ ನಂಬರ್.

ಯಂತ್ರ ಎಡವಿದರೆ ಯಾರನ್ನು ಕೇಳುವುದು?

ಪಹಣಿಯಲ್ಲಿ 'ರಾಮಯ್ಯ', ಆಧಾರ್‌ನಲ್ಲಿ 'ರಾಮಪ್ಪ' ಎಂದಿದ್ದರೆ ಕಂಪ್ಯೂಟರಿಗೆ ಅವರು ಇಬ್ಬರು. ಕಲ್ಲು ಹೊತ್ತು, ಕಳೆ ಕಿತ್ತು ಸವೆದ ಬೆರಳನ್ನು ರೇಷನ್ ಅಂಗಡಿಯ ಯಂತ್ರ ಗುರುತಿಸುವುದಿಲ್ಲ. 'ಸರ್ವರ್ ಡೌನ್' ಎಂಬ ಎರಡು ಪದಕ್ಕೆ ಒಂದು ದಿನದ ಕೂಲಿ ಹೋಗುತ್ತದೆ. ತಂತ್ರಜ್ಞಾನ ಹೆಚ್ಚು ಬೇಕಾಗಿರುವವರೇ ಅದರಿಂದ ಹೊರಗೆ ಉಳಿಯುವ ಅಪಾಯ ನಿಜವಾದದ್ದು.

ಇದಕ್ಕೆ ನಿಮ್ಮ ಕೈಯಲ್ಲಿರುವ ಒಂದು ಆಯುಧ ಸಕಾಲ. ಈ ಕಾನೂನಿನ ವ್ಯಾಪ್ತಿಗೆ ಬರುವ ಸೇವೆಗೆ ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆ ಇರುವ ಸ್ವೀಕೃತಿ ಕೇಳಿ ಪಡೆಯಿರಿ. ನಿಗದಿತ ದಿನದೊಳಗೆ ಕೆಲಸ ಆಗದಿದ್ದರೆ ಮೇಲ್ಮನವಿ ಸಲ್ಲಿಸಬಹುದು. ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವೂ ಇದೆ. ಮೊತ್ತ ಸಣ್ಣದು, ಆದರೆ ನಿಮ್ಮ ಅರ್ಜಿ ಯಾರ ಮೇಜಿನ ಮೇಲೆ ಎಷ್ಟು ದಿನ ಕೂತಿತ್ತು ಎಂಬುದು ದಾಖಲಾಗುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

• 'ಎಲ್ಲರಿಗೂ ಉಚಿತ' ಎಂದಿದ್ದರೆ ಅನುಮಾನಿಸಿ. ಯಾರಿಗೆ, ಎಷ್ಟು, ಯಾವ ಇಲಾಖೆಯಿಂದ ಎಂಬ ಮೂರು ಪ್ರಶ್ನೆಗೆ ಸಂದೇಶದಲ್ಲಿ ಉತ್ತರ ಇದೆಯೇ ನೋಡಿ.
• ಸರ್ಕಾರಿ ಜಾಲತಾಣದ ವಿಳಾಸ ಸಾಮಾನ್ಯವಾಗಿ 'ಜಿಒವಿ ಡಾಟ್ ಇನ್' ಅಥವಾ 'ಎನ್‌ಐಸಿ ಡಾಟ್ ಇನ್' ಎಂದು ಮುಗಿಯುತ್ತದೆ. ಅನುಮಾನ ಬಂದರೆ ಗ್ರಾಮ ಒನ್ ಕೇಂದ್ರ ಅಥವಾ ಪಂಚಾಯಿತಿಯಲ್ಲಿ ಕೇಳಿ.
• ಒಟಿಪಿ, ಪಿನ್ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ.
• ಹಣ ಹೋಗಿಬಿಟ್ಟರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಈ ಲೇಖನ ಗ್ರೂಪಿಗೆ ಕಳಿಸಲು ಉದ್ದವಾಯಿತು ಅನ್ನಿಸಿದರೆ ಇಷ್ಟೇ ಕಳಿಸಿ: ಎದೆನೋವಿಗೆ 108, ಆನ್‌ಲೈನ್ ಮೋಸಕ್ಕೆ 1930.