ಕಂಠದಾನ ದಾನವಲ್ಲ, ದುಡಿಮೆ

ಮುಖ ಕಾಣದ ಕಲಾವಿದರ ಲೋಕಕ್ಕೆ ನಡುವಯಸ್ಸಿನಲ್ಲೂ ಬಾಗಿಲು ತೆರೆದಿದೆ. ಆದರೆ ಒಳಗೆ ಕಾಲಿಡುವ ಮುನ್ನ ತಿಳಿಯಬೇಕಾದ ಸಂಗತಿಗಳು ಹಲವು.

2024ರ ಜುಲೈ 11ರಂದು ನಿರೂಪಕಿ ಅಪರ್ಣಾ ಬೆಂಗಳೂರಿನಲ್ಲಿ ತೀರಿಕೊಂಡರು. ಕಿರುತೆರೆಯಲ್ಲಿ, ಸರ್ಕಾರಿ ಸಮಾರಂಭಗಳಲ್ಲಿ ಅವರನ್ನು ಕಂಡವರು ಲಕ್ಷಾಂತರ ಮಂದಿ. ಆದರೆ ‘ನಮ್ಮ ಮೆಟ್ರೊ’ ರೈಲಿನಲ್ಲಿ ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ದಿನವೂ ತಿಳಿಸುತ್ತಿದ್ದ ಆ ಸ್ವಚ್ಛ ಕನ್ನಡದ ದನಿಯೂ ಅವರದೇ ಎಂಬುದು ಎಷ್ಟೋ ಪ್ರಯಾಣಿಕರಿಗೆ ಗೊತ್ತಾದದ್ದು ಅಂದೇ. ದನಿ ಮನೆಮಾತಾಗಿರುತ್ತದೆ, ದನಿಯ ಒಡತಿ ಅಜ್ಞಾತಳಾಗಿ ಉಳಿಯುತ್ತಾಳೆ. ಇದು ಈ ವೃತ್ತಿಯ ಸ್ವಭಾವ.

ಕನ್ನಡದಲ್ಲಿ ಈ ಕೆಲಸಕ್ಕೆ ‘ಕಂಠದಾನ’ ಎಂಬ ಸೊಗಸಾದ ಹೆಸರಿದೆ. ಹೆಸರಿನಲ್ಲಿ ದಾನವಿದ್ದರೂ ಇದು ದುಡಿಮೆಯೇ. ಚಲನಚಿತ್ರ ಮತ್ತು ಧಾರಾವಾಹಿಗಳ ಡಬ್ಬಿಂಗ್, ಜಾಹೀರಾತು, ಸಾಕ್ಷ್ಯಚಿತ್ರದ ನಿರೂಪಣೆ, ಕಾರ್ಟೂನು, ಕೇಳುವ ಪುಸ್ತಕ, ಪಾಠದ ವಿಡಿಯೊ, ಬ್ಯಾಂಕಿನ ದೂರವಾಣಿಯಲ್ಲಿ ‘ಒಂದನ್ನು ಒತ್ತಿ’ ಎನ್ನುವ ಸೂಚನೆ, ಹೀಗೆ ದನಿ ಬೇಕಾದ ಕಡೆಗಳು ಒಂದೆರಡಲ್ಲ. ಈ ಕ್ಷೇತ್ರದ ಇನ್ನೊಂದು ವಿಶೇಷವೆಂದರೆ, ಇಲ್ಲಿ ಹೆಸರು ಮಾಡಿದವರಲ್ಲಿ ಅನೇಕರು ಬೇರೊಂದು ಕೆಲಸ ಮಾಡುತ್ತಿದ್ದವರು.

ಬೇರೆ ದಾರಿಯಿಂದ ಬಂದವರು

ಮೈಸೂರಿನಿಂದಲೇ ಆರಂಭಿಸಬಹುದು. 1935ರಲ್ಲಿ ತಮ್ಮ ಮನೆಯಲ್ಲಿ ಪುಟ್ಟ ಪ್ರೇಷಕವೊಂದನ್ನು ಇಟ್ಟುಕೊಂಡು ಬಾನುಲಿ ಕೇಂದ್ರ ತೆರೆದ ಡಾ. ಎಂ.ವಿ. ಗೋಪಾಲಸ್ವಾಮಿ ಅವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಆ ಕೇಂದ್ರಕ್ಕಿದ್ದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು.

ದೆಹಲಿ ಮೆಟ್ರೊದಲ್ಲಿ ಹಿಂದಿಯ ಗಂಡು ದನಿಯಾಗಿ ಪ್ರಸಿದ್ಧರಾದ ಶಮ್ಮಿ ನಾರಂಗ್ ಓದಿದ್ದು ಇಂಜಿನಿಯರಿಂಗ್, ಅದೂ ದೆಹಲಿಯ ಐಐಟಿಯಲ್ಲಿ. ಮುಂದೆ ಅವರು ದೂರದರ್ಶನದ ವಾರ್ತಾವಾಚಕರಾಗಿ ದೇಶಕ್ಕೆಲ್ಲ ಪರಿಚಿತರಾದರು. ಅಮಿತಾಭ್ ಬಚ್ಚನ್ ಅವರ ಕಥೆಯೂ ಸ್ವಾರಸ್ಯಕರ. ಕಲ್ಕತ್ತೆಯ ಕಂಪನಿಯೊಂದರಲ್ಲಿ ನೌಕರಿಯಲ್ಲಿದ್ದ ಅವರನ್ನು ಸಿನಿಮಾ ಮೊದಲು ಬಳಸಿಕೊಂಡದ್ದು ಮುಖಕ್ಕಾಗಿ ಅಲ್ಲ, ದನಿಗಾಗಿ. ಮೃಣಾಲ್ ಸೇನ್ ಅವರ ‘ಭುವನ್ ಶೋಮ್’ (1969) ಚಿತ್ರದ ನಿರೂಪಣೆಯ ದನಿ ಅವರದು.

ಎಸ್.ಪಿ. ಬಾಲಸುಬ್ರಹ್ಮಣ್ಯಂ ಕನ್ನಡಿಗರಿಗೆ ಗಾಯಕರಾಗಿ ಗೊತ್ತು. ಹಾಡಲು ಆರಂಭಿಸಿ ಹತ್ತು ವರ್ಷಗಳಾದ ಮೇಲೆ ಅವರು ಕಮಲಹಾಸನ್ ಅವರ ‘ಮನ್ಮಥ ಲೀಲೆ’ಗೆ ತೆಲುಗಿನಲ್ಲಿ ಮಾತಿನ ದನಿ ಕೊಟ್ಟರು. ಮುಂದೆ ‘ಗಾಂಧಿ’ ಚಿತ್ರದ ತೆಲುಗು ಆವೃತ್ತಿಯಲ್ಲಿ ಬೆನ್ ಕಿಂಗ್ಸ್ಲಿ ಅವರಿಗೂ ಅವರದೇ ದನಿ. ರಂಗಭೂಮಿಯಿಂದ ಬಂದ ಬಿ. ಜಯಶ್ರೀ ಕನ್ನಡದ ಹಲವು ನಾಯಕಿಯರಿಗೆ ಕಂಠದಾನ ಮಾಡಿದವರು. ಇದಕ್ಕೆ ಪ್ರತಿಯಾಗಿ, ತೆಲುಗಿನಲ್ಲಿ ವರ್ಷಾನುಗಟ್ಟಲೆ ಪರರ ಮುಖಕ್ಕೆ ದನಿ ಕೊಡುತ್ತಿದ್ದ ಸಾಯಿಕುಮಾರ್ 1996ರ ‘ಪೊಲೀಸ್ ಸ್ಟೋರಿ’ಯಲ್ಲಿ, ಅವರ ತಮ್ಮ ರವಿಶಂಕರ್ 2011ರ ‘ಕೆಂಪೇಗೌಡ’ದಲ್ಲಿ ಸ್ವಂತ ಮುಖದೊಡನೆ ಬಂದು ಕನ್ನಡಿಗರ ಮನ ಗೆದ್ದರು.

ಅಮೆರಿಕದ ಡಾನ್ ಲಾಫಾಂಟೇನ್ ಧ್ವನಿಮುದ್ರಣದ ತಂತ್ರಜ್ಞ. ಮೈಕಿನ ಮುಂದೆ ನಿಲ್ಲುವುದು ಅವರ ಕೆಲಸವಾಗಿರಲಿಲ್ಲ, ಮೈಕಿನ ಹಿಂದೆ ಇರುವುದೇ ಅವರ ಕೆಲಸ. 1960ರ ದಶಕದ ನಡುವೆ ಒಂದು ದಿನ, ಸಿನಿಮಾ ಪ್ರಚಾರದ ತುಣುಕಿಗೆ ಮಾತಾಡಬೇಕಿದ್ದ ಕಲಾವಿದ ಸಿಗಲಿಲ್ಲ. ಕೆಲಸ ನಿಲ್ಲಬಾರದೆಂದು ಲಾಫಾಂಟೇನ್ ತಾವೇ ಮಾತಾಡಿದರು. 2008ರಲ್ಲಿ ತೀರಿಕೊಳ್ಳುವ ವೇಳೆಗೆ ಅವರು ದನಿ ಕೊಟ್ಟ ಸಿನಿಮಾ ಪ್ರಚಾರ ತುಣುಕುಗಳ ಸಂಖ್ಯೆ 5,000 ದಾಟಿತ್ತು. ಅದೃಷ್ಟ ಎನ್ನಬಹುದು. ಆದರೆ ಅದೃಷ್ಟ ಬಂದಾಗ ಅವರು ಸ್ಟುಡಿಯೊದಲ್ಲೇ ಇದ್ದರು, ಕೆಲಸ ತಿಳಿದಿದ್ದರು ಎಂಬುದನ್ನು ಮರೆಯಬಾರದು.

ದನಿಗೆ ಮುಪ್ಪು ತಡ

ನಲವತ್ತೈದರಲ್ಲಿ ಕ್ರಿಕೆಟ್ ಆಟಗಾರನಾಗಲು ಸಾಧ್ಯವಿಲ್ಲ. ಕಂಠದಾನ ಏಕೆ ಸಾಧ್ಯ? ಉತ್ತರ ನಮ್ಮ ಗಂಟಲಿನಲ್ಲಿದೆ.

ಶ್ವಾಸನಾಳದ ಮೇಲ್ತುದಿಯ ಧ್ವನಿಪೆಟ್ಟಿಗೆಯಲ್ಲಿ ಎರಡು ಪುಟ್ಟ ಸ್ವರತಂತುಗಳಿವೆ. ಪುಪ್ಪುಸದಿಂದ ಬರುವ ಗಾಳಿ ಇವನ್ನು ಕಂಪಿಸುವಂತೆ ಮಾಡುತ್ತದೆ. ಮಾತಾಡುವಾಗ ವಯಸ್ಕ ಗಂಡಸಿನಲ್ಲಿ ಈ ಕಂಪನ ಸೆಕೆಂಡಿಗೆ ಸುಮಾರು 120 ಬಾರಿ, ಹೆಂಗಸಿನಲ್ಲಿ ಸುಮಾರು 200 ಬಾರಿ, ಪುಟ್ಟ ಮಕ್ಕಳಲ್ಲಿ ಇನ್ನೂ ಹೆಚ್ಚು. ಗಂಟಲು, ಬಾಯಿ, ಮೂಗಿನ ಪೊಳ್ಳುಗಳು ಈ ನಾದಕ್ಕೆ ಬಣ್ಣ ಕೊಡುತ್ತವೆ. ತಂಬೂರಿಯ ತಂತಿಗೆ ಬುರುಡೆ ಇದ್ದಂತೆ. ಹದಿಹರೆಯದಲ್ಲಿ ಒಡೆಯುವ ಹುಡುಗರ ದನಿ ಇಪ್ಪತ್ತರ ಹೊತ್ತಿಗೆ ನೆಲೆ ನಿಲ್ಲುತ್ತದೆ. ಜೋಪಾನ ಮಾಡಿದರೆ ನಡುವಯಸ್ಸಿನುದ್ದಕ್ಕೂ ಅದು ಹೆಚ್ಚು ಕೆಡುವುದಿಲ್ಲ. 1957ರಲ್ಲಿ ಹುಟ್ಟಿದ ನ್ಯಾನ್ಸಿ ಕಾರ್ಟ್‌ರೈಟ್ ಎಂಬಾಕೆ 1987ರಿಂದ ‘ಸಿಂಪ್ಸನ್ಸ್’ ಕಾರ್ಟೂನಿನ ಹತ್ತು ವರ್ಷದ ತುಂಟ ಹುಡುಗ ಬಾರ್ಟ್‌ಗೆ ದನಿಯಾಗಿದ್ದಾರೆ. ಮುಖಕ್ಕೆ ಈ ಸವಲತ್ತು ಇಲ್ಲ.

ಮೊದಲ ಬಾರಿ ತನ್ನ ದನಿಯನ್ನು ಧ್ವನಿಮುದ್ರಣದಲ್ಲಿ ಕೇಳಿದವರೆಲ್ಲ ‘ಇದು ನನ್ನದೇ?’ ಎಂದು ಮುಖ ಸಿಂಡರಿಸುತ್ತಾರೆ. ಕಾರಣ ಸರಳ. ನಾವು ಮಾತಾಡುವಾಗ ನಮ್ಮ ದನಿ ಗಾಳಿಯ ಮೂಲಕ ಮಾತ್ರವಲ್ಲದೆ ತಲೆಬುರುಡೆಯ ಎಲುಬಿನ ಮೂಲಕವೂ ಒಳಕಿವಿಯನ್ನು ತಲುಪುತ್ತದೆ. ಎಲುಬು ತಗ್ಗಿನ ಸ್ವರಗಳನ್ನು ಚೆನ್ನಾಗಿ ಸಾಗಿಸುವುದರಿಂದ ನಮ್ಮ ದನಿ ನಮಗೆ ತುಂಬಿದಂತೆ ಕೇಳಿಸುತ್ತದೆ. ಮೈಕು ಹಿಡಿಯುವುದು ಗಾಳಿಯ ಪಾಲನ್ನು ಮಾತ್ರ. ಆದ್ದರಿಂದ ಮುದ್ರಿತ ದನಿ ತೆಳುವೆನಿಸಿತೆಂದು ಧೈರ್ಯಗೆಡಬೇಕಾಗಿಲ್ಲ. ಲೋಕಕ್ಕೆ ಅದೇ ನಮ್ಮ ದನಿ.

ತುಟಿಯೊಡನೆ ಲೆಕ್ಕಾಚಾರ

‘ದನಿ ಚೆನ್ನಾಗಿದೆ, ಕಂಠದಾನ ಮಾಡಬಹುದು’ ಎಂದು ನೆಂಟರಿಷ್ಟರು ಹೊಗಳುವುದುಂಟು. ಕೈಬರಹ ಚೆನ್ನಾಗಿದ್ದವರೆಲ್ಲ ಕಥೆಗಾರರಲ್ಲ. ಹಾಗೆಯೇ ಒಳ್ಳೆಯ ದನಿ ಇದ್ದ ಮಾತ್ರಕ್ಕೆ ಕಂಠದಾನ ಬಾರದು. ಮಿಮಿಕ್ರಿಯೂ ಇದಲ್ಲ. ಅಲ್ಲಿ ಇನ್ನೊಬ್ಬರಂತೆ ಕೇಳಿಸಿದರೆ ಸಾಕು, ಇಲ್ಲಿ ಪಾತ್ರದ ಮನಸ್ಸು ಕೇಳಿಸಬೇಕು. ಮೂಲತಃ ಇದು ನಟನೆ.

ಡಬ್ಬಿಂಗ್‌ನಲ್ಲಿ ತೆರೆಯ ಮೇಲಿನ ತುಟಿಗೆ ಮಾತು ಹೊಂದಬೇಕು. ಪ, ಬ, ಮ ಅಕ್ಷರಗಳಿಗೆ ತುಟಿ ಮುಚ್ಚಲೇಬೇಕು. ತೆರೆಯಲ್ಲಿ ತುಟಿ ಮುಚ್ಚಿದಾಗ ಇಲ್ಲಿ ‘ಗ’ ಬಂದರೆ ನೋಡುವವರಿಗೆ ಕಸಿವಿಸಿ. ಇಂಗ್ಲಿಷಿನಲ್ಲಿ ಕ್ರಿಯಾಪದ ವಾಕ್ಯದ ನಡುವೆ ಬರುತ್ತದೆ, ಕನ್ನಡದಲ್ಲಿ ಕೊನೆಗೆ. ಹೀಗಾಗಿ ಅಲ್ಲಿ ಕೈ ಎತ್ತಿ ಒತ್ತಿ ಹೇಳಿದ ಮಾತು ಇಲ್ಲಿ ಬೇರೆ ಜಾಗಕ್ಕೆ ಬೀಳುತ್ತದೆ. ಸಂಭಾಷಣೆ ಬರೆಯುವವರೂ ಹೇಳುವವರೂ ಸೇರಿ ಇದನ್ನು ಸರಿದೂಗಿಸಬೇಕು. ಹಿಂದೆ ಹಲವು ಕಲಾವಿದರು ಒಂದೇ ಮೈಕಿನ ಸುತ್ತ ನಿಂತು ಮಾತಾಡುತ್ತಿದ್ದರು. ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಮೊದಲಿನಿಂದ. ಕಂಪ್ಯೂಟರ್ ಬಂದ ಮೇಲೆ ಒಬ್ಬೊಬ್ಬರೇ ಬಂದು ತಮ್ಮ ಪಾಲು ಹೇಳಿ ಹೋಗುತ್ತಾರೆ. ಎದುರು ಪಾತ್ರಧಾರಿ ಇಲ್ಲದೆಯೇ ಜಗಳವಾಡುವುದು, ಅಳುವುದು ಈಗಿನ ಕಷ್ಟ.

ಕನ್ನಡಕ್ಕೆ ತನ್ನದೇ ಪರೀಕ್ಷೆಗಳಿವೆ. ‘ಹ’ ಮತ್ತು ‘ಅ’, ‘ಲ’ ಮತ್ತು ‘ಳ’, ‘ಸ’ ಮತ್ತು ‘ಶ’ ಅದಲುಬದಲಾದರೆ ಮೈಕು ಕ್ಷಮಿಸುವುದಿಲ್ಲ. ಫ, ಭ ಮೊದಲಾದ ಮಹಾಪ್ರಾಣಗಳ ಜೊತೆ ನುಗ್ಗುವ ಗಾಳಿ ಮೈಕಿಗೆ ಬಡಿದು ‘ಡಬ್’ ಎನ್ನುತ್ತದೆ. ಅದಕ್ಕೇ ಮೈಕಿನ ಮುಂದೆ ಬಟ್ಟೆಯ ಜರಡಿ ಇಡುತ್ತಾರೆ, ಸುಮಾರು ಒಂದು ಗೇಣು ದೂರದಲ್ಲಿ ನಿಲ್ಲುತ್ತಾರೆ. ಹಾಗೆಂದು ಮಂಗಳೂರು, ಧಾರವಾಡ, ಚಾಮರಾಜನಗರದ ಆಡುಮಾತು ಇರುವವರು ಅದನ್ನು ಅಳಿಸಿಹಾಕಬೇಕೆಂದಲ್ಲ. ಪಾತ್ರಕ್ಕೆ ಆ ಸೊಗಡು ಬೇಕಾದಾಗ ಅದೇ ಬಂಡವಾಳ.

ಹಳೆಯ ಕೆಲಸದ ಬುತ್ತಿ

ಬೇರೆ ವೃತ್ತಿಯಿಂದ ಬಂದವರು ಬರಿಗೈಯಲ್ಲಿ ಬರುವುದಿಲ್ಲ. ಇಪ್ಪತ್ತು ವರ್ಷ ಪಾಠ ಹೇಳಿದವರಿಗೆ ಎಲ್ಲಿ ನಿಲ್ಲಿಸಬೇಕು, ಎಲ್ಲಿ ಒತ್ತಿ ಹೇಳಬೇಕು ಎಂಬುದು ಅಭ್ಯಾಸವಾಗಿರುತ್ತದೆ. ಆಸ್ಪತ್ರೆಯಲ್ಲಿ ದುಡಿದ ದಾದಿ ಔಷಧಿಗಳ ಹೆಸರನ್ನು ತಡವರಿಸದೆ ಓದಬಲ್ಲಳು. ಕೃಷಿ ಇಲಾಖೆಯಲ್ಲಿದ್ದವರು ರೈತರಿಗಾಗಿ ಮಾಡಿದ ಚಿತ್ರದ ನಿರೂಪಣೆಯನ್ನು ಅರ್ಥಮಾಡಿಕೊಂಡು ಹೇಳಬಲ್ಲರು. ಅರ್ಥವಾಗದೆ ಓದಿದ್ದು ಕೇಳುಗರಿಗೆ ಕೂಡಲೇ ಗೊತ್ತಾಗುತ್ತದೆ.

ಆದರೆ ಹಳೆಯ ಅಭ್ಯಾಸ ತೊಡಕೂ ಆಗಬಹುದು. ಕೊನೆಯ ಬೆಂಚಿಗೆ ಕೇಳಿಸುವಂತೆ ಕೂಗಿ ಹೇಳಿ ರೂಢಿಯಾದವರಿಗೆ, ಒಂದು ಗೇಣು ದೂರದ ಮೈಕಿಗೆ ಕಿವಿಮಾತಿನಂತೆ ಹೇಳುವುದು ಹೊಸ ವಿದ್ಯೆ. ಮಕ್ಕಳಿಗಿಂತ ಚಿಕ್ಕ ವಯಸ್ಸಿನ ಸ್ಟುಡಿಯೊ ನಿರ್ದೇಶಕ ‘ಸಾರ್, ಇನ್ನೊಂದು ಸಲ’ ಎಂದು ಹತ್ತು ಬಾರಿ ಹೇಳಿದಾಗ ಬೇಸರಪಡದೆ ಹನ್ನೊಂದನೆಯ ಬಾರಿ ಹೇಳುವ ವಿನಯವೂ ಬೇಕು.

ಕೆಲಸ ಬಿಡುವ ಮುನ್ನ

ಕನ್ನಡದಲ್ಲಿ ಅವಕಾಶ ಹೆಚ್ಚಿರುವುದು ನಿಜ. ದಶಕಗಳ ಕಾಲ ಪರಭಾಷೆಯ ಚಿತ್ರಗಳು ಕನ್ನಡಕ್ಕೆ ಡಬ್ ಆಗುತ್ತಿರಲಿಲ್ಲ. 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆಯ ವಿರುದ್ಧ ಆದೇಶ ನೀಡಿತು. 2020ರ ಲಾಕ್‌ಡೌನ್ ಕಾಲದಲ್ಲಿ ಹಿಂದಿಯ ‘ಮಹಾಭಾರತ’ ಧಾರಾವಾಹಿ ಕನ್ನಡದಲ್ಲಿ ಪ್ರಸಾರವಾಗಿ ಮನೆಮನೆ ತಲುಪಿತು. ಕನ್ನಡದಿಂದ ಹೊರಕ್ಕೂ ದಾರಿ ತೆರೆಯಿತು. 2018ರ ‘ಕೆ.ಜಿ.ಎಫ್.’ ಹಿಂದಿ ನಾಡಿನಲ್ಲಿ ಗೆದ್ದಾಗ ಯಶ್ ಅವರ ಮುಖದೊಡನೆ ಕೇಳಿದ್ದು ಸಚಿನ್ ಗೋಳೆ ಎಂಬ ಕಲಾವಿದರ ಹಿಂದಿ ದನಿ.

ಆದರೂ ನೌಕರಿಗೆ ರಾಜೀನಾಮೆ ಬರೆಯುವ ಆತುರ ಬೇಡ. ಇದು ತಿಂಗಳ ಸಂಬಳದ ಕೆಲಸವಲ್ಲ. ಒಂದು ವಾರ ಮೂರು ಕರೆ ಬಂದರೆ ಮುಂದಿನ ತಿಂಗಳು ಒಂದೂ ಬಾರದಿರಬಹುದು. ಮನೆಸಾಲದ ಕಂತು, ಮಕ್ಕಳ ಶುಲ್ಕ ಮಾತ್ರ ತಪ್ಪದೆ ಬರುತ್ತವೆ. ಭಾನುವಾರ ಮತ್ತು ರಜೆಯ ದಿನಗಳಲ್ಲಿ ಆರಂಭಿಸಿ, ಒಂದು ವರ್ಷ ಬಂದ ಹಣವನ್ನು ಪುಸ್ತಕದಲ್ಲಿ ಬರೆದಿಟ್ಟು, ಆಮೇಲೆ ಮನೆಯವರೊಡನೆ ಕೂತು ತೀರ್ಮಾನಿಸುವುದು ಜಾಣತನ. ಸರ್ಕಾರಿ ನೌಕರರು ಮೊದಲು ಇಲಾಖೆಯ ಅನುಮತಿಯ ನಿಯಮ ತಿಳಿದುಕೊಳ್ಳಬೇಕು.

ಕಲಿಕೆ ಮನೆಯಲ್ಲೇ ಆರಂಭವಾಗಬಹುದು. ದಿನವೂ ಅರ್ಧ ಗಂಟೆ ಗಟ್ಟಿಯಾಗಿ ಓದಬೇಕು: ಒಂದು ದಿನ ಸಂಪಾದಕೀಯ, ಒಂದು ದಿನ ಮಕ್ಕಳ ಕಥೆ, ಒಂದು ದಿನ ನಾಟಕ. ಫೋನಿನಲ್ಲಿ ಮುದ್ರಿಸಿ ಮರುದಿನ ಕೇಳಿದರೆ ತಪ್ಪುಗಳು ತಾವೇ ಎದ್ದು ಕಾಣುತ್ತವೆ. ಬರಿಗೋಡೆಯ ಕೋಣೆಯಲ್ಲಿ ಮಾರ್ದನಿ ಹೆಚ್ಚು. ಹಾಸಿಗೆ, ಕಂಬಳಿ, ಬಟ್ಟೆ ತುಂಬಿದ ಬೀರು ಇರುವ ಮೂಲೆ ಒಳ್ಳೆಯದು. ಫ್ಯಾನು ನಿಲ್ಲಿಸಬೇಕು, ಕುಕ್ಕರ್ ಕೂಗಿ ಮುಗಿಯುವವರೆಗೆ ಕಾಯಬೇಕು. ಹವ್ಯಾಸಿ ನಾಟಕ ತಂಡ, ಸಮುದಾಯ ಬಾನುಲಿ, ಆಕಾಶವಾಣಿಯ ಧ್ವನಿಪರೀಕ್ಷೆ ಇವೆಲ್ಲ ಮೆಟ್ಟಿಲುಗಳು. ಅಂಧ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕ ಓದಿ ಮುದ್ರಿಸಿಕೊಟ್ಟರೆ ಅಭ್ಯಾಸವೂ ಆದೀತು, ಆಗ ಅದು ನಿಜವಾದ ಕಂಠದಾನವೂ ಆದೀತು.

ಮೋಸವೂ ಇದೆ. ‘ಇಷ್ಟು ಸಾವಿರ ಕಟ್ಟಿ, ತಿಂಗಳಲ್ಲಿ ಅವಕಾಶ ಖಚಿತ’ ಎನ್ನುವವರಿಂದ ದೂರವಿರುವುದು ಕ್ಷೇಮ. ಕೆಲಸ ಕೊಡುವವರು ಹಣ ಕೊಡಬೇಕೇ ಹೊರತು ಕೇಳಬಾರದು. ಗಂಟಲಿನ ಆರೈಕೆಯೂ ಮುಖ್ಯ. ಧಾರಾಳ ನೀರು, ಸಾಕಷ್ಟು ನಿದ್ದೆ ಬೇಕು, ಹೊಗೆಬತ್ತಿ ಬೇಡ. ಮೂರು ವಾರ ದಾಟಿದರೂ ದನಿ ಒಡಕಾಗಿಯೇ ಇದ್ದರೆ ಕಷಾಯ ನಂಬಿ ಕೂರದೆ ಕಿವಿ-ಮೂಗು-ಗಂಟಲು ವೈದ್ಯರನ್ನು ಕಾಣಬೇಕು.

ಯಂತ್ರ ಕಲಿತ ಮಾತು

ಅಮೆರಿಕದ ಗಾಯಕಿ ಸೂಸನ್ ಬೆನೆಟ್ 2005ರ ಜುಲೈ ತಿಂಗಳಿಡೀ ದಿನಕ್ಕೆ ನಾಲ್ಕು ಗಂಟೆ ಅರ್ಥವಿಲ್ಲದ ವಾಕ್ಯಗಳನ್ನು ಓದಿ ಮುದ್ರಿಸಿಕೊಟ್ಟರು. 2011ರಲ್ಲಿ ಐಫೋನಿನ ‘ಸಿರಿ’ ಮಾತಾಡಲಾರಂಭಿಸಿದಾಗ ಅದು ತಮ್ಮದೇ ದನಿ ಎಂದು ಅವರಿಗೆ ಗೊತ್ತಾದದ್ದು ಪರಿಚಿತರಿಂದ! ಅಂದು ಒಂದು ತಿಂಗಳ ಓದು ಬೇಕಿತ್ತು. ಇಂದು ಕೃತಕ ಬುದ್ಧಿಮತ್ತೆಗೆ ಸ್ವಲ್ಪ ಹೊತ್ತಿನ ಮಾದರಿ ಸಿಕ್ಕರೂ ದನಿಯ ಪ್ರತಿಕೃತಿ ತಯಾರು. ಇದರಿಂದ ರಕ್ಷಣೆ ಬೇಕೆಂದು ಅಮೆರಿಕದ ವಿಡಿಯೊ ಗೇಮ್ ಕಲಾವಿದರು 2024ರ ಜುಲೈನಿಂದ ಸುಮಾರು ಹನ್ನೊಂದು ತಿಂಗಳು ಮುಷ್ಕರ ಹೂಡಿದರು. ಅದೇ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಅನುಮತಿಯಿಲ್ಲದೆ ಯಂತ್ರದಿಂದ ಅನುಕರಿಸುವುದಕ್ಕೆ ತಡೆ ನೀಡಿತು.

ಸೂಚನೆ ಓದುವಂಥ ಸಣ್ಣಪುಟ್ಟ ಕೆಲಸಗಳು ಯಂತ್ರದ ಪಾಲಾಗುತ್ತಿರುವುದನ್ನು ಅಲ್ಲಗಳೆಯುವಂತಿಲ್ಲ. ಹೊಸಬರು ಮೊದಲ ಮೆಟ್ಟಿಲಿಡುತ್ತಿದ್ದುದೇ ಅಲ್ಲಿ ಎಂಬುದು ಚಿಂತೆಯ ಮಾತು. ಆದ್ದರಿಂದ ಸಹಿ ಹಾಕುವ ಮುನ್ನ ಒಪ್ಪಂದ ಓದಬೇಕು. ಈ ಮುದ್ರಣ ಎಲ್ಲಿ, ಎಷ್ಟು ಕಾಲ ಬಳಕೆಯಾಗುತ್ತದೆ? ಇದರಿಂದ ಯಂತ್ರಕ್ಕೆ ಕಲಿಸುತ್ತಾರೆಯೇ? ಈ ಎರಡು ಪ್ರಶ್ನೆ ಕೇಳಲು ಸಂಕೋಚ ಬೇಡ.

ವಿದ್ಯಾರ್ಥಿಗಳು ಇದರಿಂದ ಕಲಿಯುವುದೇನು? ಓದುತ್ತಿರುವ ಪದವಿಯನ್ನು ಬಿಟ್ಟು ಮೈಕಿನ ಹಿಂದೆ ಓಡಬೇಕಿಲ್ಲ. ಇಂಜಿನಿಯರಿಂಗ್ ಓದಿದ್ದು ಶಮ್ಮಿ ನಾರಂಗರ ದನಿಗೆ ಅಡ್ಡಿಯಾಗಲಿಲ್ಲ. ತರಗತಿಯಲ್ಲಿ ಪಾಠವನ್ನು ಗಟ್ಟಿಯಾಗಿ ಓದುವ ಸರದಿ ಬಂದಾಗ ತಲೆ ತಗ್ಗಿಸದೆ ಎದ್ದು ಓದಿದರೆ ಅದೇ ಮೊದಲ ತಾಲೀಮು. ಇನ್ನು ಪಾಲಕರಿಗೆ ಒಂದು ಮಾತು: ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಮಕ್ಕಳಿಗೆ ಕಥೆ ಓದಿ ಹೇಳಿ. ಹುಲಿಗೊಂದು ದನಿ, ಹಸುವಿಗೊಂದು ದನಿ ಇರಲಿ. ಮಕ್ಕಳು ಕಣ್ಣರಳಿಸಿ ‘ಇನ್ನೊಂದು’ ಎಂದರೆ ಧ್ವನಿಪರೀಕ್ಷೆಯಲ್ಲಿ ನೀವು ಅರ್ಧ ಗೆದ್ದಂತೆ!