ಬಿರುಕು ಮುಚ್ಚುವ ಬ್ಯಾಕ್ಟೀರಿಯಾ

ಕಾಂಕ್ರೀಟು ಭಾರವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆಯಾದರೂ ಎಳೆತಕ್ಕೆ ಬಹುಬೇಗ ಸೋಲುತ್ತದೆ. ಆ ಎಳೆತವನ್ನು ಹೊರಲೆಂದೇ ಅದರೊಳಗೆ ಉಕ್ಕಿನ ಕಂಬಿಗಳನ್ನು ಕೂರಿಸುತ್ತಾರೆ. ಹೀಗಿದ್ದೂ ಮೇಲ್ಮೈಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಮೂಡುವುದು ತಪ್ಪುವುದಿಲ್ಲ. ಅವುಗಳಿಂದ ಕಟ್ಟಡವೇನೂ ಕೂಡಲೇ ಬೀಳುವುದಿಲ್ಲ. ಆದರೆ ಅವುಗಳ ಮೂಲಕ ನೀರೂ ಲವಣಗಳೂ ಒಳಸೇರಿ ಕಂಬಿಗೆ ತುಕ್ಕು ಹಿಡಿಸುತ್ತವೆ, ತುಕ್ಕು ಉಕ್ಕಿಗಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ.

ಈ ಬಿರುಕುಗಳನ್ನು ಬ್ಯಾಕ್ಟೀರಿಯಾಗಳಿಂದಲೇ ಮುಚ್ಚಿಸುವ ಪ್ರಯತ್ನಗಳಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ವಿಜ್ಞಾನಿ ಹೆಂಕ್ ಯೋಂಕರ್ಸ್ 2006ರಲ್ಲಿ ಆರಂಭಿಸಿದ ಸಂಶೋಧನೆ ಮುಖ್ಯವಾದುದು. ಸುಣ್ಣಕಲ್ಲನ್ನು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟನ್ನು, ಉಂಟುಮಾಡುವ ಬ್ಯಾಕ್ಟೀರಿಯಾಗಳು ನಿಸರ್ಗದಲ್ಲಿ ಅಪರೂಪವಲ್ಲ. ಕಷ್ಟವಿದ್ದದ್ದು ಅವನ್ನು ಕಾಂಕ್ರೀಟಿನೊಳಗೆ ಬದುಕಿಸಿಡುವುದರಲ್ಲಿ. ಹೊಸ ಕಾಂಕ್ರೀಟಿನ ಪಿಎಚ್ 12ರಿಂದ 13ರಷ್ಟಿರುವುದರಿಂದ ಸಾಮಾನ್ಯ ಜೀವಿಗಳು ಅಲ್ಲಿ ಉಳಿಯಲಾರವು. ಆದ್ದರಿಂದ ಕ್ಷಾರವನ್ನೇ ಬಯಸುವ, ಪ್ರತಿಕೂಲ ಕಾಲದಲ್ಲಿ ದಪ್ಪ ಕವಚದ ಬೀಜಾಣುಗಳಾಗಿ ವರ್ಷಗಟ್ಟಲೆ ನಿದ್ರಿಸಬಲ್ಲ ಬ್ಯಾಸಿಲಸ್ ಕುಲದ ಪ್ರಭೇದಗಳನ್ನು ಆರಿಸಲಾಯಿತು. ಆದರೂ ನೇರವಾಗಿ ಬೆರೆಸಿದ ಬೀಜಾಣುಗಳು ಕೆಲವೇ ತಿಂಗಳು ಉಳಿದವು, ಏಕೆಂದರೆ ಸಿಮೆಂಟು ಗಟ್ಟಿಯಾಗುತ್ತ ಹೋದಂತೆ ಅದರ ರಂಧ್ರಗಳು ಬೀಜಾಣುವಿನ ಗಾತ್ರಕ್ಕಿಂತಲೂ ಕಿರಿದಾಗುತ್ತವೆ. ಸುಟ್ಟು ಉಬ್ಬಿಸಿದ ಜೇಡಿಮಣ್ಣಿನ ಸಚ್ಛಿದ್ರ ಗುಳಿಗೆಗಳಲ್ಲಿ ಬೀಜಾಣುಗಳನ್ನೂ ಅವುಗಳ ಆಹಾರವಾದ ಕ್ಯಾಲ್ಸಿಯಂ ಲ್ಯಾಕ್ಟೇಟನ್ನೂ ತುಂಬಿಟ್ಟಾಗ ಈ ತೊಡಕು ಬಹುಮಟ್ಟಿಗೆ ನೀಗಿತು.

ಮುಂದಿನ ಕ್ರಿಯೆ ನಿಜಕ್ಕೂ ಸೊಗಸಾದುದು. ಬಿರುಕು ಬಿಟ್ಟಲ್ಲಿ ಗುಳಿಗೆ ಒಡೆದು ನೀರು ತಾಕಿದೊಡನೆ ಬೀಜಾಣುಗಳು ಚಿಗುರಿ ಲ್ಯಾಕ್ಟೇಟನ್ನು ಆಮ್ಲಜನಕದ ನೆರವಿನಿಂದ ಜೀರ್ಣಿಸಿಕೊಳ್ಳುತ್ತವೆ. ಒಂದು ಅಣು ಲ್ಯಾಕ್ಟೇಟಿನಿಂದ ಒಂದು ಅಣು ಸುಣ್ಣಕಲ್ಲು ನೇರವಾಗಿ ಹುಟ್ಟಿದರೆ, ಜೊತೆಗೆ ಹೊಮ್ಮುವ ಐದು ಅಣು ಇಂಗಾಲದ ಡೈಆಕ್ಸೈಡು ಸಿಮೆಂಟಿನಲ್ಲೇ ಇರುವ ಸುಣ್ಣದೊಡನೆ ವರ್ತಿಸಿ ಇನ್ನೂ ಐದು ಅಣುಗಳಷ್ಟನ್ನು ಕೊಡಬಲ್ಲದು. ಕಂಬಿಯ ತುಕ್ಕಿಗೆ ಬೇಕಾದ ಆಮ್ಲಜನಕವೂ ಈ ನಡುವೆ ಖರ್ಚಾಗುವುದು ಕಡೆಗಣಿಸಲಾಗದ ಲಾಭ. 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 100 ದಿನ ನೀರಿನಲ್ಲಿಟ್ಟ ಮಾದರಿಗಳ ಪೈಕಿ ಬ್ಯಾಕ್ಟೀರಿಯಾ ಇದ್ದವುಗಳಲ್ಲಿ 0.46 ಮಿಲಿಮೀಟರ್ ಅಗಲದವರೆಗಿನ ಬಿರುಕುಗಳು ಮುಚ್ಚಿಕೊಂಡವು. ಇಲ್ಲದವುಗಳಲ್ಲಿ ಆ ಮಿತಿ 0.18 ಮಿಲಿಮೀಟರ್ ಮಾತ್ರ.

ಯೂರಿಯಾವನ್ನು ಒಡೆಯುವ ಸ್ಪೋರೋಸಾರ್ಸಿನಾ ಪಾಶ್ಚರೈ ಎಂಬ ಬ್ಯಾಕ್ಟೀರಿಯಾದಿಂದಲೂ ಸುಣ್ಣಕಲ್ಲನ್ನು ಪಡೆಯಬಹುದಾದರೂ ಅಲ್ಲಿ ಅಮೋನಿಯಾ ಉಪೋತ್ಪನ್ನವಾಗಿ ಉಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ಇಸ್ರೋ ಸಹಯೋಗದಲ್ಲಿ ಚಂದ್ರನ ಮಣ್ಣನ್ನು ಹೋಲುವ ಪುಡಿಯಿಂದ ಇಟ್ಟಿಗೆ ಮಾಡಿದ್ದು ಇದೇ ಜೀವಿಯ ನೆರವಿನಿಂದ.

‘ತಾನೇ ದುರಸ್ತಿಯಾಗುವ ಕಾಂಕ್ರೀಟು’ ಎಂಬ ಹೆಸರು ಕೇಳಿ ಮುರಿದ ತೊಲೆಯೂ ಕೂಡಿಕೊಳ್ಳುತ್ತದೆಂದು ಭಾವಿಸಬಾರದು. ಇಲ್ಲಿ ಮುಖ್ಯವಾಗಿ ನಿಲ್ಲುವುದು ಸೋರಿಕೆ; ಮೆತುವಾದ ಗುಳಿಗೆಗಳನ್ನು ಜಲ್ಲಿಯ ಬದಲು ಹೆಚ್ಚು ಸೇರಿಸಿದರಂತೂ ಕಾಂಕ್ರೀಟಿನ ಬಲವೇ ಕುಗ್ಗುತ್ತದೆ. ನೀರಿಲ್ಲದೆ ಬೀಜಾಣು ಎಚ್ಚರಗೊಳ್ಳುವುದೂ ಇಲ್ಲವಾದ್ದರಿಂದ, ಈ ವಿಧಾನ ಹೆಚ್ಚು ಒಪ್ಪುವುದು ನೀರಿನ ತೊಟ್ಟಿ, ನೆಲಮಾಳಿಗೆ, ಸುರಂಗಗಳಂತಹ, ಸದಾ ತೇವದಲ್ಲಿದ್ದು ದುರಸ್ತಿಗೆ ಸುಲಭವಾಗಿ ಕೈಗೆಟುಕದ ರಚನೆಗಳಿಗೆ.